ಪೆಟ್ಟಿಗೆ ಸವಾರ

ಕುದುರೆ ಸವಾರ ಗೊತ್ತು, ಸೈಕಲ್ ಸವಾರ ಗೊತ್ತು. ಎಮ್ಮೆಯ ಬೆನ್ನೇರಿ ಸಂಜೆ ಮನೆಗೆ ಮರಳುವ ಹುಡುಗರು ನಮ್ಮ ಮೇಡ್ಲೇರಿಗೆ ಹೊಸಬರಲ್ಲ. ಆದರೆ ಅರಿವೆ ತುಂಬಿದ ಮೋಟಾರು ಪೆಟ್ಟಿಗೆಯ ಮೇಲೆ ಕೂತು ‘ಗುಂಯ್’ ಎನ್ನುತ್ತ ಬರುವವನು ಹೊಸ ತಳಿ. ವಿಮಾನ ನಿಲ್ದಾಣಗಳೇ ಇವನ ಮೇವಿನ ಜಾಗ. ವಯಸ್ಸು ಮೂವತ್ತರ ಆಸುಪಾಸು, ಕಿವಿಯಲ್ಲಿ ಬಿಳಿ ಬಿರಡೆ, ಮೊಣಕಾಲು ಎದೆಗೆ ತಾಗುವಂತೆ ಮುದುಡಿ ಕೂತ ದೇಹ, ಮುಖದಲ್ಲಿ ಮಾತ್ರ ಅಂಬಾರಿ ಏರಿದ ಗಾಂಭೀರ್ಯ. ನಾನು ಬರೆಯಲು ಕೂತದ್ದು ಇಡೀ ತಳಿಯ ಬಗ್ಗೆ. ಓದುತ್ತ ಹೋದಂತೆ ಇದು ನಮ್ಮಕ್ಕನ ಮಗನ ಮೇಲಿನ ಚಾಡಿ ಅನ್ನಿಸಿದರೆ ನಾನೇನೂ ಅಲ್ಲಗಳೆಯುವುದಿಲ್ಲ.

ಪೆಟ್ಟಿಗೆಯೊಳಗೆ ಏನಿದೆ ಎಂದು ಇವನನ್ನು ಕೇಳಬಾರದು. ಎಷ್ಟು ಓಡುತ್ತದೆ ಎಂದು ಕೇಳಬೇಕು. “ತಾಸಿಗೆ 13 ಕಿಲೋಮೀಟರ್ ಮಾಮಾ!” ಹಾವೇರಿ ಸೀಮೆಯಲ್ಲಿ ಕೊಬ್ಬರಿ ಹಾರ ಕಟ್ಟಿ ಬಿಟ್ಟ ಹೋರಿಯನ್ನು ಕಂಡವರ ಮುಂದೆ ಹೇಳುವ ಲೆಕ್ಕವೇ ಇದು? ಇವನೂ ಒಂದು ರೀತಿ ನಮ್ಮ ಬ್ಯಾಡಗಿ ಮೆಣಸಿನಕಾಯಿ: ಬಣ್ಣ ಬಹಳ, ಖಾರ ಕಡಿಮೆ.

ಇಂಥ ಪೆಟ್ಟಿಗೆಯನ್ನು 2014ರಲ್ಲಿ ಓಡಿಸಿ ತೋರಿಸಿದವನು ಚೀನಾದ ಹುನಾನ್ ಪ್ರಾಂತ್ಯದ ಹೆ ಲಿಯಾಂಗ್‌ಸಾಯ್ ಎಂಬ ರೈತ. ಹತ್ತು ವರ್ಷ ಹೆಣಗಿ ಕಟ್ಟಿದ್ದಂತೆ. ತೂಕ ಏಳೇ ಕೆ.ಜಿ., ವೇಗ ತಾಸಿಗೆ 20 ಕಿಲೋಮೀಟರ್. ಅಳಿಯ ಇದನ್ನು ಊಟಕ್ಕೆ ಕೂತಾಗಲೇ ಹೇಳುತ್ತಾನೆ. “ಅಂವನೂ ರೈತ, ನೀವೂ ರೈತರು. ಹತ್ತು ವರ್ಷದಾಗ ಅಂವ ಏನ್ ಮಾಡಿದ ನೋಡ್ರಿ!” ಆ ಹತ್ತು ವರ್ಷದಲ್ಲಿ ನಾನು ಹತ್ತಿ, ಗೋವಿನಜೋಳ ಬೆಳೆದು ಯಾರ ಇಂಜಿನಿಯರಿಂಗ್ ಫೀಸು ಕಟ್ಟಿದೆ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಸಾರಿನ ಜೊತೆ ನುಂಗುತ್ತೇನೆ.

ಇಷ್ಟೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದೇ: ಆ ಪೆಟ್ಟಿಗೆಯಲ್ಲಿ ಜಾಗವಿಲ್ಲ. ಮೋಟಾರು, ಬ್ಯಾಟರಿ, ಗಾಲಿ ತಮ್ಮ ಪಾಲು ತಗೊಂಡ ಮೇಲೆ ಉಳಿಯುವುದು ಎರಡು ಜೊತೆ ಬಟ್ಟೆಯಷ್ಟು. ಉಳಿದದ್ದಕ್ಕೆ ಒಂದು ಮಂತ್ರವಿದೆ: “ಮಾಮಾ, ಇದೊಂದಿಷ್ಟು ನಿಮ್ಮ ಚೀಲದಾಗ ಇಟ್ಗೊಳ್ರಿ.”

ಕಳೆದ ವರ್ಷ ಮುಂಬಯಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯ. ನನ್ನದು ಮೊದಲ ವಿಮಾನ. ಹೊರಡುವ ಹಿಂದಿನ ರಾತ್ರಿ ಮಂತ್ರ ನಾಲ್ಕು ಸಲ ಆಯಿತು. ಬೂಟು ಬಂತು, ಕೋಟು ಬಂತು, ಎರಡು ಕೆ.ಜಿ. ಬ್ಯಾಡಗಿ ಮೆಣಸಿನಕಾಯಿ ಬಂತು, ಕೊನೆಗೆ ಆ ಪೆಟ್ಟಿಗೆಯದೇ ಚಾರ್ಜರು ಬಂತು. ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ನಮ್ಮೂರಿಂದ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಅಷ್ಟು ದೂರ ಕಾರಿನಲ್ಲಿ ಮಲಗಿ ಬಂದ ಪೆಟ್ಟಿಗೆ, ಬಾಗಿಲಿನಿಂದ ಕೌಂಟರಿನವರೆಗೆ ಅಳಿಯನನ್ನು ಹೊತ್ತು ಓಡಿತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ದಾರಿಯೂ ಅಲ್ಲ. ನಾನು ಹಿಂದೆ ಚೀಲ ಹೊತ್ತು ಅವನಿಗಿಂತ ಮೊದಲೇ ಮುಟ್ಟಿದ್ದೆ. ಅವನು ಕಂಬ ಸುತ್ತಿ ಬರಬೇಕಿತ್ತು.

ವಿಮಾನದೊಳಗೆ ಒಯ್ಯುವ ಕೈಸಾಮಾನಿಗೆ ಏಳು ಕೆ.ಜಿ. ಮಿತಿ. ಪೆಟ್ಟಿಗೆ ಖಾಲಿ ಇದ್ದರೇ ಎಂಟು. “ಕೆಳಗಡೆ ಲಗೇಜಿಗೆ ಹಾಕಿ, ಆದರೆ ಬ್ಯಾಟರಿ ತೆಗೆದು ಕೈಯಲ್ಲಿಟ್ಟುಕೊಳ್ಳಿ” ಎಂದಳು ಕೌಂಟರಿನ ಹುಡುಗಿ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸರಕಿನ ಕೋಣೆಯಲ್ಲಿ ನೋಡುವವರಿಲ್ಲ, ಪ್ರಯಾಣಿಕರ ನಡುವೆಯಾದರೆ ಆರಿಸಬಹುದು; ಅದಕ್ಕೇ ಈ ನಿಯಮ. “100 ವಾಟ್-ಅವರ್ ಒಳಗೈತ್ರಿ” ಎಂದು ಅಳಿಯ ವಾದಕ್ಕಿಳಿದ. ಅವಳು ಬಗ್ಗಲಿಲ್ಲ. ಪೆಟ್ಟಿಗೆ ನೆಲದ ಮೇಲೆ ಬಾಯಿ ತೆರೆಯಿತು. ಬನಿಯನ್ನು ಹೊರಬಂತು, ಹಲ್ಲುಜ್ಜುವ ಬ್ರಶ್ ಹೊರಬಂತು, ಬ್ಯಾಟರಿ ಬರಲಿಲ್ಲ. ಅದರ ಕೊಂಡಿ ಕಚ್ಚಿತ್ತು. ಹಿಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ತುರುಬಿನ ಪಿನ್ನು ತೆಗೆದು ಕೊಟ್ಟಳು. “ಎಳೀಬ್ಯಾಡೊ ತಮ್ಮಾ, ಎತ್ತು” ಎಂದಳು. ಟಕ್ಕೆಂದು ಬಂತು. ಅಳಿಯ ಅದನ್ನು ಹಸುಗೂಸಿನಂತೆ ಎದೆಗವಚಿ ನಿಂತ. ಅಷ್ಟರಲ್ಲಿ ನನ್ನ ಚೀಲ ತೂಗಿದರು. 15 ಕೆ.ಜಿ. ಮೀರಿತ್ತು. ಹೆಚ್ಚುವರಿ ದುಡ್ಡು ಯಾರು ಕಟ್ಟಿದರು ಎಂದು ಬೇರೆ ಹೇಳಬೇಕೆ?

ಜಪಾನಿನಲ್ಲಿ ಇಂಥ ಪೆಟ್ಟಿಗೆಯನ್ನು ರಸ್ತೆಗಿಳಿಸಿದರೆ ಲೈಸೆನ್ಸು, ಹೆಲ್ಮೆಟ್ಟು ಕೇಳುತ್ತಾರೆ. ಒಸಾಕಾದ ಕನ್ಸಾಯ್ ನಿಲ್ದಾಣದವರು ನಮ್ಮಲ್ಲಿ ಏರಲೇಬೇಡಿ ಎಂದು ಕೇಳಿಕೊಂಡಿದ್ದಾರೆ. ಆ ಸುದ್ದಿ ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡಿದ್ದೇನೆ. ತೋರಿಸುವ ಧೈರ್ಯ ಇನ್ನೂ ಬಂದಿಲ್ಲ.

ನಮ್ಮೂರಿಗೆ ಜಪಾನಿನ ಕಾನೂನು ಬೇಕಾಗಲಿಲ್ಲ. ಹಿಂದೊಮ್ಮೆ ದೀಪಾವಳಿಗೆ ಬಂದಾಗ ಅಳಿಯನಿಗೆ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಸವಾರಿ ಮಾಡುವ ಹುಮ್ಮಸ್ಸು. ಹುಡುಗರು ಹಿಂದೆ, ನಾಯಿ ಅವರ ಹಿಂದೆ. ಅಗಸಿ ಹತ್ತಿರ ರಸ್ತೆಯ ತುಂಬ ಗೋವಿನಜೋಳ ಒಣಹಾಕಿದ್ದರು. ಅಂಗೈಯಷ್ಟಗಲದ ಗಾಲಿ ಕಾಳಿನಲ್ಲಿ ಹೂತು ನಿಂತಿತು. ನಮ್ಮಕ್ಕ ಬಂದು ಸೆರಗು ಸುತ್ತಿ ಸಿಂಬಿ ಮಾಡಿ, ಪೆಟ್ಟಿಗೆ ತಲೆಯ ಮೇಲಿಟ್ಟು ನಡೆದೇಬಿಟ್ಟಳು. “ಭಾಳ ಹಗುರೈತಿ, ಏನೂ ತಂದಿಲ್ಲೇನೊ?” ಎಂದಳು.

ಆ ಹೊತ್ತಿಗೆ ನನಗೆ ನೆನಪಾದದ್ದು ಇನ್ನೊಂದು ಪೆಟ್ಟಿಗೆ, ನಮ್ಮಪ್ಪನ ಹಸಿರು ಬಣ್ಣದ ತಗಡಿನ ಟ್ರಂಕು. ಆಗ ಊರಿಗೆ ಯಾರೇ ಬರಲಿ, ಟ್ರಂಕು ಹೊರಲು ಮನೆಯಿಂದ ಒಬ್ಬರು ಬಸ್ಸಿಗೆ ಹೋಗಬೇಕು; ಯಾರು ಹೊತ್ತು ಬಂದರೆಂಬುದರ ಮೇಲೆ ಬಂದವರು ಯಾರೆಂದು ಓಣಿಗೆ ತಿಳಿಯುತ್ತಿತ್ತು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಮೂರು ತಾಸು ಬಸ್ಸಿಲ್ಲ. ನಾಲ್ಕು ವರ್ಷದ ಈ ಅಳಿಯ ಅದೇ ಟ್ರಂಕಿನ ಮೇಲೆ ಕೂತು, ಇಲ್ಲದ ಸ್ಟೇರಿಂಗು ತಿರುಗಿಸುತ್ತ “ಮಾಮಾ, ಹೋಗ್ಲಿ ಬಸ್ಸು” ಎಂದು ಹಟ ಹಿಡಿದ. ಟ್ರಂಕು ನೆಲಕ್ಕೆ ಕರಕರ ಉಜ್ಜುವಂತೆ ಬಗ್ಗಿ ಬಗ್ಗಿ ತಳ್ಳಿದೆ. ತಳದ ಬಣ್ಣ ಹೋಯಿತೆಂದು ಅಪ್ಪ ನನ್ನನ್ನು ಬೈದ.

ಮುಂಬಯಿಯಲ್ಲಿ ಇಳಿದಾಗ ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಅಲ್ಲಿಯ ನಿಲ್ದಾಣವೋ ಮುಗಿಯುವ ಜಾತಿಯದಲ್ಲ. ಅಳಿಯ ಬ್ಯಾಟರಿ ಕೂಡಿಸಿ, “ಮಾಮಾ, ಕುಂದರ್ರಿ” ಎಂದ. ಛೀ ಎಂದೆ; ಕೂತೆ. ಖರೇ ಹೇಳುತ್ತೇನೆ, ಸುಖವಿತ್ತು. ಅಂಬಾರಿ ಮುಖ ತಾನಾಗಿಯೇ ಬರುತ್ತದೆ. ಅರ್ಧ ದಾರಿಯಲ್ಲಿ ಚಾರ್ಜು ಮುಗಿದು ಪೆಟ್ಟಿಗೆ ನಿಂತಿತು. ಏಳಲು ಹೋದೆ. “ಇಳೀಬ್ಯಾಡ್ರಿ” ಎಂದವನೇ ಹಿಂದಿನಿಂದ ಬಗ್ಗಿ ತಳ್ಳತೊಡಗಿದ. ತೊಡೆಯ ಮೇಲೆ ನನ್ನ ಚೀಲ. ಚೀಲದೊಳಗೆ ಅವನ ಬೂಟು.