ಟೋಪಿ ಇಳಿಯಿತು, ಡ್ಯೂಟಿ ಇಳಿಯಲಿಲ್ಲ

ಬೆಂಗಳೂರಿನ ಪೊಲೀಸ್ ಕ್ವಾರ್ಟರ್ಸ್ ಒಂದರ ಬೀರುವಿನ ಮೇಲೆ ಅದು ಕೂತಿತ್ತು: ಒಂದು ಬದಿಯ ಅಂಚು ಮೇಲಕ್ಕೆ ಮಡಚಿದ ಅಗಲವಾದ ಹ್ಯಾಟು. ಗದ್ದದ ಪಟ್ಟಿ ಬಿರುಕು ಬಿಟ್ಟಿದೆ, ಒಳಪಟ್ಟಿಯ ಮೇಲೆ ಬೆವರಿನ ಉಪ್ಪು ಬಿಳಿ ಗೆರೆ ಎಳೆದಿದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಕಾನ್‌ಸ್ಟೇಬಲ್‌ಗಳಿಗೆ ಇದರ ಬದಲು ಕಡುನೀಲಿ ಪೀಕ್ ಕ್ಯಾಪ್ ಕೊಟ್ಟಿತು. ಹ್ಯಾಟಿಗೆ ನಿವೃತ್ತಿ ಸಿಕ್ಕಿತು, ಪಿಂಚಣಿ ಮಾತ್ರ ಇಲ್ಲ. ವರದಿಗಾರನನ್ನು ಕಂಡದ್ದೇ ಅಟೆನ್ಷನ್‌ಗೆ ಬಂತು.

ವರದಿಗಾರ: ಆರಾಮಾಗಿರಿ. ನಿಮ್ಮನ್ನು ಯಾಕೆ ತೆಗೆದರು?

ಟೋಪಿ: ಗಾಳಿ ಬಂದ್ರೆ ಹಾರ್ತೀನಿ, ಓಡಿದ್ರೆ ಬೀಳ್ತೀನಿ ಅಂತ ಚಾರ್ಜ್‌ಶೀಟು ಸಾರ್. ಪಿಸಿ ನನ್ನನ್ನ ಹಿಡಿಯೋದೋ, ಕಳ್ಳನ್ನ ಹಿಡಿಯೋದೋ? ಅಷ್ಟರಲ್ಲಿ ಕಳ್ಳ ಪಕ್ಕದ ಠಾಣೆ ಲಿಮಿಟ್ಸ್ ಸೇರ್ಕೋತಿದ್ದ.

ವರದಿಗಾರ: ಈ ಲಿಮಿಟ್ಸ್ ಪುರಾಣ ಯಾವ ಕಾಲದ್ದು?

ಟೋಪಿ: ಊರಿನ ಹುಟ್ಟುಗುಣ. 1809ರಲ್ಲಿ ಬ್ರಿಟಿಷರ ದಂಡು, ಅಂದ್ರೆ ಕಂಟೋನ್ಮೆಂಟು ಬಂತು. 1881ರಲ್ಲಿ ರಾಜ್ಯಾನ ಒಡೆಯರಿಗೆ ಬಿಟ್ಟುಕೊಟ್ಟ ಬ್ರಿಟಿಷರು ದಂಡನ್ನ ತಮ್ಮ ಕೈಲೇ ಇಟ್ಕೊಂಡ್ರು. ಪೇಟೆ ಕಡೆ ಮಹಾರಾಜರ ಪೊಲೀಸು, ದಂಡಿನ ಕಡೆ ಬ್ರಿಟಿಷ್ ರೆಸಿಡೆಂಟರ ಪೊಲೀಸು, ನಡುವೆ ಕಬ್ಬನ್ ಪಾರ್ಕು. 1947ರಲ್ಲಿ ದಂಡು ಮೈಸೂರಿಗೆ ವಾಪಸ್ ಬಂತು, 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್. ‘ಇದು ನಮಗೆ ಬರಲ್ಲ, ಆ ಠಾಣೆಗೆ ಹೋಗಿ’ ಅನ್ನೋದು ಮಾತ್ರ ಉಳೀತು. 2024ರ ಜುಲೈಯಿಂದ ಹೊಸ ಕಾನೂನು ಬಂದಿದೆ, ಯಾವ ಠಾಣೇಲಾದ್ರೂ ಎಫ್‌ಐಆರ್ ಹಾಕಿ ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸ್ಬೇಕು. ಹಾಗಾಗಿ ಈಗ ‘ರೈಟರ್ ಊಟಕ್ಕೆ ಹೋಗಿದಾರೆ, ಕೂತಿರಿ’ ಅಂತೀವಿ.

ವರದಿಗಾರ: ಬೆಂಗಳೂರಿಗೆ ಪೊಲೀಸ್ ಕಮಿಷನರ್ ಬಂದದ್ದು ಯಾವಾಗ?

ಟೋಪಿ: 1963ರಲ್ಲಿ. ಮೊದಲನೆಯವರು ಸಿ. ಚಾಂಡಿ. ಜಿಲ್ಲೇಲಿ ನಿಷೇಧಾಜ್ಞೆ ಬೇಕಂದ್ರೆ ಎಸ್‌ಪಿ ಸಾಹೇಬ್ರು ಡಿಸಿ ಕಡೆ ನೋಡ್ಬೇಕು. ಇಲ್ಲಿ ಕಮಿಷನರೇ ಮ್ಯಾಜಿಸ್ಟ್ರೇಟು. ಇನ್‌ಫೆಂಟ್ರಿ ರೋಡಿನ ಕಮಿಷನರ್ ಕಚೇರೀಲಿ ಸಹಿ ಬಿದ್ರೆ ಸಂಜೆಗೆ ಬ್ಯಾರಿಕೇಡ್ ಪಕ್ಕ ನಾನು ಹಾಜರು.

ವರದಿಗಾರ: ನಡುವೆ ಎಷ್ಟು ಮೆಟ್ಟಿಲು?

ಟೋಪಿ: ಕಮಿಷನರ್, ಅಡಿಷನಲ್, ಜಾಯಿಂಟ್, ಡಿಸಿಪಿ, ಎಸಿಪಿ, ಇನ್‌ಸ್ಪೆಕ್ಟರ್, ಪಿಎಸ್‌ಐ, ಎಎಸ್‌ಐ, ದಫೇದಾರ್, ಕೊನೆಗೆ ಪಿಸಿ. ಆರ್ಡರು ಒಂದೇ ಉಸಿರಿಗೆ ಇಳಿಯುತ್ತೆ. ರಜೆ ಅರ್ಜಿ ಹತ್ತೋ ಹೊತ್ತಿಗೆ ಮಗಳ ನಾಮಕರಣ ಮುಗಿದು ಸ್ಕೂಲ್ ಅಡ್ಮಿಷನ್ ಬಂದಿರುತ್ತೆ.

ವರದಿಗಾರ: ತಪ್ಪಿಗೆ ಹೊಣೆಯೂ ಕೆಳಗೇ ಇಳಿಯುತ್ತದಾ?

ಟೋಪಿಯ ದನಿ ತಗ್ಗಿತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಸತ್ತರು. ಮರುದಿನವೇ ಕಮಿಷನರಿಂದ ಇನ್‌ಸ್ಪೆಕ್ಟರ್‌ವರೆಗೆ ಅಧಿಕಾರಿಗಳ ಅಮಾನತು.

ಟೋಪಿ: ಆವತ್ತು ಮೊದಲು ಉರುಳಿದ್ದು ಅಧಿಕಾರಿಗಳ ಪೀಕ್ ಕ್ಯಾಪುಗಳು ಸಾರ್. ಅಮಾನತು ಆಮೇಲೆ ರದ್ದಾಯ್ತು ಅನ್ನಿ.

ವರದಿಗಾರ: ಈಗ ಪಿಸಿಗೂ ಪೀಕ್ ಕ್ಯಾಪ್. ಎಲ್ಲರೂ ಸಮ ಆದರಲ್ಲ?

ಟೋಪಿ: ಅಧಿಕಾರಿಗಳದು ಖಾಕಿ, ಇವನದು ನೀಲಿ. ದೂರದಿಂದಲೇ ಗೊತ್ತಾಗುತ್ತೆ ಯಾರು ಯಾರಿಗೆ ಸೆಲ್ಯೂಟ್ ಹೊಡೀಬೇಕು ಅಂತ. ಇನ್ನೊಂದು ವಿಷಯ. ನನ್ನ ಅಂಚಿನ ನೆರಳು ಕತ್ತಿನ ತನಕ ಬೀಳ್ತಿತ್ತು. ಕ್ಯಾಪು ಹಣೆ ಒಂದನ್ನೇ ಕಾಯುತ್ತೆ. ಕ್ಯಾಪು ತೊಟ್ಟು ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಒಂದು ಏಪ್ರಿಲ್ ನಿಂತು ನೋಡ್ಲಿ. ಆಮೇಲೆ ಅದರ ಸಂದರ್ಶನಕ್ಕೂ ಬನ್ನಿ ಸಾರ್, ಜೊತೆಗೆ ಒಂದು ಛತ್ರಿ ತನ್ನಿ.