ಟ್ರೇಲರ್ ಶಯನ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧಗಳು ಬೇಕೆಂದು ಹಿರಿಯರು ವಿಧಿಸಿದ್ದಾರೆ. ಮೊದಲು ಅವನ್ನು ತೀರಿಸಿಬಿಡೋಣ. ವಿಷಯ: ಮಾಘಮಾಸದ ಚಳಿಯಲ್ಲಿ, ಬಯಲಿನಲ್ಲಿ, ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನೊಳಗೆ ರಾತ್ರಿ ಕಳೆಯುವುದು. ಪ್ರಯೋಜನ: ಮೈಲಾರಲಿಂಗನ ಜಾತ್ರೆಯಲ್ಲಿ ಕಾರ್ಣಿಕ, ಅಂದರೆ ಭವಿಷ್ಯವಾಣಿ, ಕೇಳುವುದು. ಅಧಿಕಾರಿ: ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಕಡೆಯಿಂದ ಹೊರಟು ಹಡಗಲಿ ತಾಲ್ಲೂಕಿನ ಮೈಲಾರ ಮುಟ್ಟುವ, ಸ್ವಂತಕ್ಕೊಂದು ಕೌದಿ ಉಳ್ಳ ಯಾರಾದರೂ. ಸಂಬಂಧ: ಟ್ರ್ಯಾಕ್ಟರ್ ಮಾಲೀಕನೊಂದಿಗೆ ಬೀಗತನ, ಇಲ್ಲದಿದ್ದರೆ ಹೊಲದ ಬದು ಕೂಡಿರುವುದಾದರೂ ಸಾಕು.

ಕಾಲನಿರ್ಣಯದಲ್ಲಿ ದೊಡ್ಡ ವಿವಾದವಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎಂಬುದು ಲೋಕಪ್ರಮಾಣ. ಭರತ ಹುಣ್ಣಿಮೆಯಿಂದ ಶಿವರಾತ್ರಿಗೆ 14 ತಿಥಿ. ಹುಣ್ಣಿಮೆ ಕಳೆದು ಎರಡು ದಿನಕ್ಕೆ ಕಾರ್ಣಿಕ. ಆದ್ದರಿಂದ ಜಾತ್ರೆಯ ಕಾಲಕ್ಕೆ ಚಳಿ ಇನ್ನೂ ಸೇವೆಯಲ್ಲಿರುತ್ತದೆ, ನಿವೃತ್ತಿಯ ಅಂಚಿನ ನೌಕರನಂತೆ ಹಗಲೆಲ್ಲ ಕಾಣೆಯಾಗಿ ಬೆಳಗಿನ ಜಾವಕ್ಕೆ ಮಾತ್ರ ಬಂದು ಸಹಿ ಹಾಕುತ್ತದೆ. ಅಮೆರಿಕದ ಸರ್ಕಾರಿ ಕಾಡುಗಳಲ್ಲೂ ವಾಹನದಲ್ಲಿ ಮಲಗಲು ಬಂದವನಿಗೆ ಬಹಳಷ್ಟು ಕಡೆ ಒಂದು ತಾಣದಲ್ಲಿ 14 ದಿನವೇ ಗಡುವು. ಅವರು ಪಂಚಾಂಗ ನೋಡಿದ್ದಾರೆಂದು ಇದರಿಂದ ಊಹಿಸಬಹುದೇ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ‘ಅಮೆರಿಕದವನು ಮಲಗುವುದು ಕಾಡಿನಲ್ಲಿ. ನಿಮ್ಮ ಸೀಮೆಯಲ್ಲಿ ಕಾಡೆಲ್ಲಿದೆ?’

ಇದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಬಂಡೆಗುಡ್ಡ, ಕುರುಚಲು ಕಾಡು, ಕರಡಿಧಾಮ ಎಲ್ಲವೂ ಇವೆ. ಆದರೆ ಆಚೆಯ ಶೀತದೇಶದ ಕರಡಿಗಳು ಚಳಿಗಾಲ ಪೂರ್ತಿ ಗುಹೆಯಲ್ಲಿ ನಿದ್ದೆ ಹೊಡೆಯುತ್ತವೆ. ಅಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರು ಓಡಾಡಬಹುದು. ನಮ್ಮ ಕರಡಿಗೆ ಆ ಅಭ್ಯಾಸವಿಲ್ಲ. ಅದು ರಾತ್ರಿಯೆಲ್ಲ ಗೆದ್ದಲು, ಜೇನು, ಹಣ್ಣು ಹುಡುಕಿಕೊಂಡು ತಿರುಗುತ್ತದೆ. ಟ್ರೇಲರಿನಲ್ಲಿದ್ದವನೂ ಅದರ ದೆಸೆಯಿಂದ ಎದ್ದೇ ಇರಬೇಕಾಗುತ್ತದೆ. ಶಯನವೇ ಇಲ್ಲದ ಮೇಲೆ ಶಯನ ಶಾಸ್ತ್ರವೆಲ್ಲಿ? ಇದಲ್ಲದೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದನ್ನು ಅಪರಾಧವೆನ್ನುತ್ತದೆ. ಒಲೆ ಹೂಡದ ಮೊಕ್ಕಾಮಿಗೆ ನಮ್ಮ ಹೆಂಗಸರು ಬರುವುದಿಲ್ಲ. ಅವರು ಬಾರದಿದ್ದರೆ ರೊಟ್ಟಿ ಬುತ್ತಿ ಬರುವುದಿಲ್ಲ. ಬುತ್ತಿ ಬಾರದಿದ್ದರೆ ಗಂಡಸರೂ ಬರುವುದಿಲ್ಲ. ಗುಡೇಕೋಟೆ ಖಂಡಿತವಾಯಿತು.

ಸಿದ್ಧಾಂತದ ಪ್ರಕಾರ ನಮಗೆ ಸಲ್ಲುವ ಸಾರ್ವಜನಿಕ ಕಾಡೆಂದರೆ ಬಳ್ಳಾರಿ ಜಾಲಿ. ಇದು ಮೂಲತಃ ಅಮೆರಿಕ ಖಂಡಗಳ ಗಿಡ. 19ನೇ ಶತಮಾನದಲ್ಲಿ ಬ್ರಿಟಿಷರ ಕಾಲದಲ್ಲಿ ಈ ದೇಶಕ್ಕೆ ಬಂತು, ಬಂದ ಜಾಗದಲ್ಲೇ ಬೀಡುಬಿಟ್ಟಿತು, 14 ದಿನದ ನಿಯಮವನ್ನು ಇಂದಿಗೂ ಪಾಲಿಸಿಲ್ಲ. ಕೆರೆಯಂಗಳ, ಹಳ್ಳದ ದಂಡೆ, ಗೋಮಾಳ ಎಲ್ಲ ಅದರದೇ. ನಮ್ಮ ಹಳೆಯ ಜಿಲ್ಲೆಯ ಹೆಸರನ್ನೂ ಇಟ್ಟುಕೊಂಡಿತು. ನಮ್ಮ ಹರಪನಹಳ್ಳಿಯಾದರೋ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಸೇರಿತು. ಜಾಲಿ ಮಾತ್ರ ಹೆಸರು ಬದಲಿಸಲಿಲ್ಲ. ಅದರ ಕಟ್ಟಿಗೆಗೆ ಉರಿ ಜಾಸ್ತಿ, ಕೆಂಡ ಗಟ್ಟಿ. ಅದರ ಮುಳ್ಳು ಚಪ್ಪಲಿಯನ್ನೂ ಟ್ಯೂಬನ್ನೂ ಒಂದೇ ನ್ಯಾಯದಿಂದ ಕಾಣುತ್ತದೆ.

ಇನ್ನು ಶೀತತತ್ತ್ವ. ಟ್ರೇಲರಿನ ತಳ ಕಬ್ಬಿಣದ ತಗಡು. ಸಂಜೆಯಿಂದಲೇ ಕಾವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು, ಮಲಗಿದವನ ಬೆನ್ನಿನಿಂದ ಅದನ್ನು ಮರಳಿ ವಸೂಲು ಮಾಡುತ್ತದೆ. ಅದಕ್ಕೇ ಭತ್ತದ ಹುಲ್ಲು. ಕಾವು ಹಿಡಿಯುವುದು ಹುಲ್ಲಲ್ಲ, ಹುಲ್ಲಿನ ನಡುವೆ ಸಿಕ್ಕಿಬಿದ್ದ ಗಾಳಿ ಎಂದು ಭೌತಶಾಸ್ತ್ರದವರು ಹೇಳುತ್ತಾರೆ. ಆದರೆ ಬರೀ ಗಾಳಿ ಹೇರಿಕೊಂಡು ಹೊರಟ ಟ್ರ್ಯಾಕ್ಟರನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಹುಲ್ಲಿನ ಮೇಲೆ ಕಂಬಳಿ, ಅದರ ಮೇಲೆ ಮನುಷ್ಯ, ಅವನ ಮೇಲೆ ಕೌದಿ. ಈ ಕ್ರಮ ಮೀರಿ ಕಂಬಳಿಯನ್ನು ಮೇಲೆ ಎಳೆದುಕೊಂಡವರಿಗೆ ಬೆಳಗಾಗುವಷ್ಟರಲ್ಲಿ ಬೆನ್ನು ಹಿಡಿದಿರುತ್ತದೆ.

ತಾಡಪಾಲಿನ ಕುರಿತು ಎರಡು ಪಂಥಗಳಿವೆ. ಪೂರ್ತಿ ಬಿಗಿದು ಕಟ್ಟಬೇಕೆನ್ನುವವರು ಬಂಧವಾದಿಗಳು. ಇವರಲ್ಲಿ ಬೆಳಗಿನ ಜಾವ ಎಲ್ಲರ ಉಸಿರೂ ತಾಡಪಾಲಿನ ಒಳಮೈಯಲ್ಲಿ ಹನಿಗಟ್ಟಿ, ಒಬ್ಬೊಬ್ಬರ ಹಣೆಯನ್ನೇ ಆರಿಸಿಕೊಂಡು ಬೀಳುತ್ತದೆ. ಹಿಂಬದಿ ತೆರೆದಿಡಬೇಕೆನ್ನುವವರು ಮೋಕ್ಷವಾದಿಗಳು. ಇವರಿಗೆ ತುಂಗಭದ್ರೆಯ ಕಡೆಯಿಂದ ಬೀಸುವ ಗಾಳಿಯೇ ಉತ್ತರ ಕೊಡುತ್ತದೆ. ನಡುರಾತ್ರಿ ಒಬ್ಬರು ಕಟ್ಟಿ ಇನ್ನೊಬ್ಬರು ಬಿಚ್ಚಿ, ಕೊನೆಗೆ ಸಮನ್ವಯವಾಗುವುದು ಹಗ್ಗ ಹರಿದಾಗ.

ಗಹನವಾದದ್ದು ಸ್ಥಾನನಿರ್ಣಯ. ಯಾರು ಎಲ್ಲಿ ಮಲಗಬೇಕೆಂಬುದನ್ನು ತೀರ್ಮಾನಿಸುವ ಪೀಠಕ್ಕೆ ಒಬ್ಬರೇ ನ್ಯಾಯಾಧೀಶರು, ಮನೆಯ ಹಿರಿಯಜ್ಜಿ. ‘ಏ ತಮ್ಮಾ, ನೀ ಅಂಚಿಗೆ ಮಕ್ಕೋ, ಹುಡ್ರು ನಡುವೆ ಇರ್ಲಿ’ ಎಂಬ ತೀರ್ಪಿಗೆ ಮೇಲ್ಮನವಿಯಿಲ್ಲ. ನಡುವೆ ಮಕ್ಕಳು, ಮಕ್ಕಳ ಆಚೀಚೆ ತಾಯಂದಿರು, ಅವರಾಚೆ ಮುದುಕರು. ತಗಡಿಗೆ ಅಂಟಿಕೊಂಡ ಅಂಚು ಮನೆಯ ಗಂಡುಮಕ್ಕಳಿಗೆ. ಅಳಿಯ ಬಂದಿದ್ದರೆ ಶಾಸ್ತ್ರ ಸಂಕಟಕ್ಕೆ ಸಿಗುತ್ತದೆ: ಮರ್ಯಾದೆಗೆ ನಡುವೆ ಮಲಗಿಸಬೇಕು, ನಾಚಿಕೆಗೆ ಅಲ್ಲಿ ಮಲಗಿಸುವಂತಿಲ್ಲ. ಅವನಿಗೆ ಎರಡು ಕೌದಿ ಕೊಟ್ಟು ಟ್ರೇಲರಿನ ಕೆಳಗೆ ಕಳಿಸುವುದು ರೂಢಿ. ಕೆಳಗಿನದು ವಾಸ್ತವವಾಗಿ ಬೆಚ್ಚಗಿನ ಜಾಗ: ಮೇಲೆ ಮರೆಯಿದೆ, ಇಬ್ಬನಿ ಬೀಳುವುದಿಲ್ಲ. ಇದನ್ನು ಅಳಿಯಂದಿರು ಯಾರಿಗೂ ಹೇಳುವುದಿಲ್ಲ. ಗಾಲಿಗೆ ಕಲ್ಲು ಕೊಟ್ಟಿದೆಯೇ ಎಂದು ನೋಡಿಕೊಂಡು ಮಲಗಿದರಾಯಿತು.

ಕಾನೂನಿನ ದೃಷ್ಟಿಯಲ್ಲಿ ಟ್ರೇಲರ್ ಇರುವುದು ಸರಕಿಗೆ, ಜನರಿಗಲ್ಲ. ತುಂಬಿದ ಟ್ರೇಲರ್ ಮಗುಚಿ ಜೀವ ಹೋದದ್ದು ಎಲ್ಲರೂ ಕೇಳಿ ಬಲ್ಲ ಸುದ್ದಿ. ನಿಂತಾಗ ಮಲಗಿರಿ, ಹೊರಟಾಗ ಬಸ್ಸು ಹತ್ತಿರಿ. ಈ ಪ್ರಬಂಧದಲ್ಲಿ ಅಣಕವಲ್ಲದ ವಿಧಿ ಇದೊಂದೇ.

ಕಾರ್ಣಿಕದ ಸಂಜೆ ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲೇರುತ್ತಾನೆ. ‘ಸದ್ದಲೇ’ ಎಂದು ಕೂಗಿದರೆ ಲಕ್ಷಾಂತರ ಜನರ ಬಯಲು ಉಸಿರು ಹಿಡಿಯುತ್ತದೆ. ಒಂದೇ ಒಂದು ವಾಕ್ಯ ನುಡಿದು ಅವನು ಕೆಳಗೆ ಬೀಳುತ್ತಾನೆ. ಆ ರಾತ್ರಿ ಪ್ರತಿ ಟ್ರೇಲರೂ ಒಂದೊಂದು ವ್ಯಾಖ್ಯಾನಪೀಠ. ಮಳೆಯ ಮಾತು ಎನ್ನುವವನು ಮೆಕ್ಕೆಜೋಳ ಹಾಕಿದವನು, ಸರ್ಕಾರದ ಮಾತು ಎನ್ನುವವನು ಪಂಚಾಯ್ತಿ ಚುನಾವಣೆಗೆ ನಿಲ್ಲುವವನು. ಮಿರ್ಚಿ ಮಂಡಕ್ಕಿ ಮುಗಿಯುವವರೆಗೂ ಭಾಷ್ಯ ನಡೆಯುತ್ತದೆ. ವಾದದ ಬಿಸಿಯಲ್ಲಿ ಕೌದಿ ಒದ್ದು ಕೂತವರಿಗೆ ಆ ಹೊತ್ತು ಚಳಿಯ ನೆನಪಿಲ್ಲ. ಆದ್ದರಿಂದ ಶೀತನಿವಾರಣೆಯ ಸಾಧನಗಳಲ್ಲಿ ಹುಲ್ಲು, ಕಂಬಳಿ, ಜಾಲಿ ಕೆಂಡಗಳ ಜೊತೆಗೆ ತರ್ಕವನ್ನೂ ಸೇರಿಸತಕ್ಕದ್ದು.

ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ. ತಣ್ಣಗಾದ ಇಂಜಿನ್ ಕೆಮ್ಮುತ್ತದೆ, ಹೊತ್ತಿಕೊಳ್ಳುವುದಿಲ್ಲ. ಮಾಲೀಕ ಸೀಟಿನ ಮೇಲೆ ಕೂತೇ ಎಲ್ಲರನ್ನೂ ತಳ್ಳಲು ಕರೆಯುತ್ತಾನೆ. ಅಂಚಿನಲ್ಲಿ ಮಲಗಿದ್ದವರು ಮೊದಲು, ನಡುವಿನವರು ಆಮೇಲೆ, ಅಳಿಯ ಮರ್ಯಾದೆಗೆ ಒಂದು ಕೈ. ಪ್ರಬಂಧಕಾರನನ್ನು ಕರೆಯತಕ್ಕದ್ದಲ್ಲ, ಅವನು ಟಿಪ್ಪಣಿ ಬರೆದುಕೊಳ್ಳುತ್ತಿರುತ್ತಾನೆ.