ತುಂಬದ ಗುಂಡಿಯ ಯಜಮಾನರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಊರಿನ ಹೊಸ ಬಡಾವಣೆಗೆ ಹೋದರೂ ಇವರು ಸಿಗುತ್ತಾರೆ. ಹೊಗೆಸೊಪ್ಪಿಗೆ ಒಳ್ಳೆ ರೇಟು ಬಂದ ವರ್ಷ ಮನೆ ಕಟ್ಟಿಸಿದವರು, ಇಲ್ಲವೇ ರಿಟೈರಾದ ಗಂಟು ಪೂರ್ತಿ ಸುರಿದವರು. ಮನೆ ನೋಡಲು ಬಂದವರಿಗೆ ತೇಗದ ಬಾಗಿಲು, ದೇವರಮನೆ ಎಲ್ಲ ತೋರಿಸಿ, ಕೊನೆಗೆ ಕಾರು ನಿಲ್ಲಿಸುವ ಜಾಗದ ಟೈಲ್ಸ್ ಮೇಲೆ ಹಿಮ್ಮಡಿ ಕುಟ್ಟುತ್ತಾರೆ. "ಇದರ ಕೆಳಗೇ ನಮ್ಮ ಪಿಟ್ಟು. ಮನೆ ಕಟ್ಟಿದಾಗಿಂದ ಒಂದ್ಸಲನೂ ತುಂಬಿಲ್ಲ ಕಣ್ರೀ!"

ಬಂದವರು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಮೆಚ್ಚಬೇಕು.

ಇದರ ಯಶಸ್ಸನ್ನು ಅವರು ತಾವು ತಪ್ಪದೆ ಕದಡಿ ಹುಯ್ಯುವ ಬೆಲ್ಲ, ಸಗಣಿ ನೀರಿಗೆ ಒಪ್ಪಿಸುತ್ತಾರೆ. ಅಸಲು ಗುಟ್ಟು ಬೇರೆ: ಸಿಮೆಂಟ್ ರಿಂಗ್ ಇಳಿಸಿದ್ದಾರೆ, ತಳಕ್ಕೆ ಕಾಂಕ್ರೀಟ್ ಹಾಕಿಸಿಲ್ಲ. ಸರಿಯಾದ ಸೆಪ್ಟಿಕ್ ಟ್ಯಾಂಕ್ ಸೋರುವುದಿಲ್ಲ. ಗಸಿ ತಳದಲ್ಲಿ ಕೂರುತ್ತದೆ, ಜಿಡ್ಡು ತೇಲುತ್ತದೆ, ನಡುವಿನ ನೀರಷ್ಟೇ ಇಂಗುಗುಂಡಿಗೆ ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗಸಿ ತೆಗೆಸಬೇಕು. ತುಂಬುವುದೇ ಅದರ ಕೆಲಸ. ಯಜಮಾನರದ್ದು ತುಂಬುವುದಿಲ್ಲ ಎಂದರೆ ಹೋಗಬೇಕಾದ್ದು ಎಲ್ಲಿಗೋ ಹೋಗುತ್ತಿದೆ ಎಂದರ್ಥ. ಪಕ್ಕದ ಸೈಟಿನ ಬೋರ್‌ವೆಲ್ ಹತ್ತಿರದಲ್ಲೇ ಇದೆ. ಸೊಸೆ ಒಮ್ಮೆ ಮೆಲ್ಲಗೆ ಕೇಳಿದ್ದಳು, "ಮಾವ, ಹಂಗಾದ್ರೆ ಅದೆಲ್ಲಾ ಎಲ್ಲೋಯ್ತದೆ?" ಮಾವ ಪೇಪರ್ ಎತ್ತಿ ಹಿಡಿದರು.

ಮಣ್ಣಿಗೂ ಒಂದು ಮಿತಿ ಉಂಟಲ್ಲ. ಗಸಿ ಕಟ್ಟಿ ಇಂಗುವುದು ನಿಂತಿತು. ನಿಂತದ್ದು ಯಾವತ್ತು? ಯುಗಾದಿಯ ಮಾರನೆ ದಿನ, ಹೊಸತೊಡಕಿಗೆ, ಮನೆತುಂಬ ನೆಂಟರು, ಒಲೆ ಮೇಲೆ ಮಟನ್ ಸಾರು. ಬಚ್ಚಲಲ್ಲಿ ನೀರು ಗುಳುಗುಳು ಎಂದಿತು, ಆಮೇಲೆ ನೆಂಟರೂ ಗುಸುಗುಸು ಎಂದರು.

ಸಕ್ಕಿಂಗ್ ಗಾಡಿ ಬಂತು. ಮುಚ್ಚಳ ಎಲ್ಲಿ? ಟೈಲ್ಸ್ ಹಾಸಿದವನಿಗೆ ಗೊತ್ತು, ಅವನು ಬೆಂಗಳೂರು ಸೇರಿದ್ದಾನೆ. ಯಜಮಾನರು ಹಿಮ್ಮಡಿ ಕುಟ್ಟಿ ತೋರಿಸಿದ ಕಡೆಯೆಲ್ಲ ಒಡೆದದ್ದಾಯಿತು. ಕೊನೆಗೆ ಸಿಕ್ಕಿದ್ದು ಕಾರಿನ ಹಿಂದಿನ ಚಕ್ರದಡಿ.

"ಲೋಡಿಗೆ ಇಷ್ಟು" ಎಂದ ಡ್ರೈವರ್.

"ಗೊಬ್ಬರ ಬಿಟ್ಟಿ ಕೊಡ್ತಿದೀನಲ್ಲಯ್ಯ, ಅದಕ್ಕೇನು ಕಳೀತೀಯಾ?"

ಅದನ್ನು ಎಲ್ಲಿ ಸುರಿಯುತ್ತೀಯ ಎಂದು ಮಾತ್ರ ಕೇಳಲಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಗಸಿ ಸಂಸ್ಕರಿಸುವ ಘಟಕ ಶುರುವಾಯಿತು. ಯಜಮಾನರ ಕುತೂಹಲ ಗೇಟಿನಾಚೆ ಹೋಗುವುದಿಲ್ಲ.

ಪೈಪು ಹೀರಿದಷ್ಟು ಹೀರಿತು. ತಳದ ಗಟ್ಟಿ ಗಸಿ ಅಲ್ಲಾಡಲಿಲ್ಲ. "ಒಬ್ಬ ಹುಡುಗನ್ನ ಇಳಿಸಿ ಕೆರೆಸಿಬಿಡಯ್ಯ, ಐನೂರು ಜಾಸ್ತಿ ತಗೋ" ಎಂದರು. ನವೆಂಬರ್ ಬಂದರೆ ಮೈಕ್ ಹಿಡಿದು, ನಮ್ಮ ಹುಣಸೂರಿನ ದೇವರಾಜ ಅರಸರ ಸರ್ಕಾರ, ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ ಮಲ ಹೊರುವ ಪದ್ಧತಿ ನಿಲ್ಲಿಸಿತು ಎಂದು ಗದ್ಗದರಾಗುವವರೂ ಇವರೇ.

ಡ್ರೈವರ್ ಕೈ ಮುಗಿದ. "ಯಾರನ್ನೂ ಇಳಿಸಲ್ಲ ಸಾರ್. ಒಳಗೆ ಗ್ಯಾಸು, ಇಳಿದೋನು ಮೇಲೆ ಬರಲ್ಲ. 2013ರ ಕಾಯ್ದೆ ಐತೆ, ಎರಡು ವರ್ಷ ಜೈಲು, ಎರಡು ಲಕ್ಷ ದಂಡ. ಇಳಿಸಿದ ಮನೆಯೋರಿಗೂ ಬಿಡಲ್ಲ."

ದಂಡದ ಮೊತ್ತ ಕೇಳಿ ಯಜಮಾನರಿಗೆ ಕಾಯ್ದೆಯ ಮೇಲೆ ಗೌರವ ಹುಟ್ಟಿತು. ನೀರು ಹಾಯಿಸಿ, ಗಸಿ ಕದಡಿ, ಇನ್ನೊಂದು ಲೋಡಿಗೆ ಒಪ್ಪಿದರು. ಹೊರಡುವಾಗ ಡ್ರೈವರ್ ಹೇಳಿದ, "ತಳ ಇಲ್ಲ ಸಾರ್, ಕಾಂಕ್ರೀಟ್ ಹಾಕ್ಸಿ. ಮುಚ್ಚಳ ಕಾಣೋ ಹಾಗೆ ಬಿಡಿ."

ಮುಂದಿನ ವಾರ ಎದುರು ಸೈಟಿನಲ್ಲಿ ಪಾಯ ತೆಗೆಯುತ್ತಿದ್ದರು. ಯಜಮಾನರು ಪಂಚೆ ಎತ್ತಿ ಕಟ್ಟಿ ಗುಂಡಿ ಅಂಚಿಗೆ ಬಂದು ನಿಂತರು.

"ತಳಕ್ಕೆ ಕಾಂಕ್ರೀಟ್ ಯಾಕ್ರೀ ದಂಡ? ಇನ್ನೈದಡಿ ತೋಡಿಸಿ. ನಮ್ಮದು ನೋಡಿ, ಈಗಲೂ ಖಾಲಿ!"